ಸಣ್ಣ ಪತ್ರಿಕೆಗಳ ‘ನಾನು’

ದೊಡ್ಡ ಪತ್ರಿಕೆಗಳು ಮಾಡದ ಒಂದು ಕೆಲಸವನ್ನು ಕನ್ನಡದ ಸಣ್ಣ ಪತ್ರಿಕೆಗಳು ಮಾಡಿವೆ. ತಮ್ಮ ಬದುಕನ್ನು ತಾವೇ ಹೇಳಬಯಸುವವರಿಗೆ ನಾಲ್ಕು ಪುಟ ಬಿಟ್ಟುಕೊಟ್ಟಿವೆ. 1964ರಲ್ಲಿ ಧಾರವಾಡದಲ್ಲಿ ಹುಟ್ಟಿದ ‘ಸಂಕ್ರಮಣ’ದಂತಹ ಪತ್ರಿಕೆಗಳು ತೆರೆದ ದಾರಿಯಿದು. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಪ್ರಸಾರದಲ್ಲಿ ಸಣ್ಣದಾಗಿರಲಿಲ್ಲ. ಆದರೆ ಜಾಹೀರಾತಿನ ಹಂಗಿಲ್ಲದ ಅದರ ಸ್ವಾತಂತ್ರ್ಯ ಇದೇ ಪರಂಪರೆಯದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಿಂದೆ ವರದಿಗಾರ್ತಿಯಾಗಿದ್ದುದೂ ಅಲ್ಲೇ.

ಸಣ್ಣ ಪತ್ರಿಕೆಯ ಆತ್ಮಕಥನಕ್ಕೆ ಸುದ್ದಿಯ ನೆಪ ಬೇಕಿಲ್ಲ, ಪಾಂಡಿತ್ಯದ ಶಿಫಾರಸೂ ಬೇಕಿಲ್ಲ. ಬೀಡಿ ಸುತ್ತುವ ತಾಯಿ, ಬೆಳಗಿನ ಮದರಸ, ಗಲ್ಫಿನಿಂದ ಬಾರದ ಕಾಗದ ಇವೆಲ್ಲ ಅಚ್ಚಿನ ಗೌರವ ಪಡೆದದ್ದು ಹೀಗೆ. ಇದು ಸಣ್ಣ ಸಾಧನೆಯಲ್ಲ.

ಹಾಗೆಂದು ಇದರ ದೌರ್ಬಲ್ಯಗಳಿಗೆ ಕಣ್ಣು ಮುಚ್ಚಲಾಗದು. ಲೇಖಕ ಸಂಪಾದಕನ ಗೆಳೆಯನಾಗಿರುತ್ತಾನೆ. ನೋವಿನ ಬರಹವನ್ನು ತಿದ್ದಲು ಸಂಪಾದಕನಿಗೆ ಸಂಕೋಚ. ಆದ್ದರಿಂದ ಒಂದೇ ಅಚ್ಚಿನ ಬರಹಗಳು ಹೆಚ್ಚುತ್ತವೆ. ಬಾಲ್ಯದಲ್ಲಿ ನೆರೆಮನೆಯ ಹಬ್ಬದೂಟ, 1992ರ ಡಿಸೆಂಬರ್ ನಂತರ ಮುಖ ತಿರುಗಿಸಿದ ಗೆಳೆಯ, ಕೊನೆಗೆ ಸೌಹಾರ್ದದ ಒಂದು ಆಶಯ. ಅನುಭವ ಸುಳ್ಳಲ್ಲ, ಆದರೆ ಆ ಗೆಳೆಯನಿಗೆ ಮುಖವಿಲ್ಲ, ಮಾತಿಲ್ಲ. ಮನೆಯಲ್ಲಿ ಬ್ಯಾರಿ, ದಖನಿ ಅಥವಾ ನವಾಯತಿ ಆಡುವ ತಾಯಿ ಬರಹದಲ್ಲಿ ಪಠ್ಯಪುಸ್ತಕದ ಕನ್ನಡದಲ್ಲಿ ಅಳುತ್ತಾಳೆ. ತಾಯಿಯ ನುಡಿ ಹೋದಲ್ಲಿ ತಾಯಿಯೂ ಅರ್ಧ ಹೋದಂತೆ.

ಇದಕ್ಕೆ ಲೇಖಕನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಹೊರಗಿನ ಓದುಗ ಅವನಿಂದ ಇಡೀ ಸಮುದಾಯದ ಸಾಕ್ಷ್ಯ ಕೇಳುತ್ತಾನೆ. ಒಳಗಿನ ಓದುಗ ಮನೆಯ ಗುಟ್ಟನ್ನು ಬೀದಿಗೆ ತರಬೇಡ ಎನ್ನುತ್ತಾನೆ. ಈ ಇಬ್ಬರ ನಡುವೆ ಸಿಕ್ಕಿದ ‘ನಾನು’ ವಕೀಲನಾಗುತ್ತದೆ. ವಕೀಲ ತನ್ನ ಕಕ್ಷಿದಾರನ ತಪ್ಪು ಹೇಳುವುದುಂಟೇ? ತಂಗಿಯ ಓದು ನಿಂತದ್ದನ್ನು ಬರೆಯುವ ಅಣ್ಣ, ಅಂದು ತಾನು ಸುಮ್ಮನಿದ್ದುದನ್ನು ಬರೆಯುವುದಿಲ್ಲ. ಓದುಗನಿಗೆ ಬೇಕಾದದ್ದೋ ಆ ಮೌನವೇ.

ಸಿದ್ಧಲಿಂಗಯ್ಯನವರ ‘ಊರುಕೇರಿ’ ನಮಗೆ ಇಲ್ಲಿ ನೆನಪಾಗುತ್ತದೆ. ಹಸಿವು ಅವಮಾನಗಳನ್ನು ಹೇಳುವಾಗಲೂ ಅದು ನಗುತ್ತದೆ, ಮೊದಲು ತನ್ನನ್ನೇ ನೋಡಿ. ಕರುಣೆ ಬೇಡದ ಆ ಬರಹವನ್ನು ಓದುಗ ನಂಬುತ್ತಾನೆ.

‘ನಾವು’ ಎಂದು ಬರೆಯುವ ನಮಗೂ ಈ ಮಾತು ಅನ್ವಯಿಸುತ್ತದೆ. ಆ ಪದದ ನೆರಳಲ್ಲಿ ಅಡಗುವುದು ಸುಲಭ. ಸಂಪಾದಕರು ಬರಹಗಾರನ ನೋವನ್ನು ಗೌರವಿಸಲಿ. ಆದರೆ ಬರಹ ಅಚ್ಚಿಗೆ ಹೋಗುವ ಮುನ್ನ ಒಂದು ಪ್ರಶ್ನೆ ಕೇಳಲಿ: ಇದರಲ್ಲಿ ನಿಮ್ಮ ಪಾಲೆಷ್ಟು? ಆ ಪ್ರಶ್ನೆಗೆ ಉತ್ತರಿಸಿದ ಪುಟ ನಮ್ಮ ಸಮುದಾಯವನ್ನು ನೂರು ಸಮರ್ಥನೆಗಳಿಗಿಂತ ಚೆನ್ನಾಗಿ ಪರಿಚಯಿಸೀತು.