ನಾಣ್ಯದಿಂದ ಕಾಣೆಯಾದ ಅಮ್ಮ

ಸುಮಾರು 18 ಮಿಲಿಮೀಟರ್ ಅಗಲ, 4 ಗ್ರಾಂಗಿಂತ ತುಸು ಕಡಿಮೆ ತೂಕದ ಬೆಳ್ಳಿ ಬಿಲ್ಲೆ. ಇಷ್ಟು ಜಾಗದಲ್ಲಿ ಒಂದು ಫ್ಯಾಮಿಲಿ ಫೋಟೊ ಕೂರಿಸಬೇಕು ಅಂದ್ರೆ ಯಾರನ್ನಾದ್ರೂ ಬಿಡಲೇಬೇಕು. ಯಾರನ್ನ ಬಿಟ್ಟರು ಅನ್ನೋದೇ ಇಲ್ಲಿನ ಕಥೆ.

ಕ್ರಿ.ಪೂ. 2ರಿಂದ ಮುಂದೆ ಚಕ್ರವರ್ತಿ ಅಗಸ್ಟಸ್ ಹೊಡೆಸಿದ ದಿನಾರಿಯಸ್ ನಾಣ್ಯ ಇದು. ಟಂಕಸಾಲೆ ಇದ್ದದ್ದು ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ. ಮುಂಭಾಗದಲ್ಲಿ ಲಾರೆಲ್ ಎಲೆಗಳ ಮಾಲೆ ಮುಡಿದ ಅಗಸ್ಟಸ್. ಆಗಲೇ 60 ತುಂಬಿದ್ದ ಮನುಷ್ಯ, ಮುಖದ ಮೇಲೆ ಒಂದು ಸುಕ್ಕೂ ಇಲ್ಲ! ಸುತ್ತಲಿನ ಬರಹದಲ್ಲಿ ಆ ವರ್ಷವಷ್ಟೇ ಸಿಕ್ಕಿದ ಬಿರುದು: 'ರಾಷ್ಟ್ರಪಿತ'.

ಹಿಂಭಾಗ ನೋಡಿ. ಟೋಗಾ ಹೊದ್ದ ಇಬ್ಬರು ಹುಡುಗರು, ಗಾಯಸ್ ಮತ್ತು ಲೂಸಿಯಸ್. ನಡುವೆ ಗುರಾಣಿ, ಈಟಿ. ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವವರ ಕೋಲು. ಆ ಹೊತ್ತಿಗೆ ಒಬ್ಬನಿಗೆ 18, ಇನ್ನೊಬ್ಬನಿಗೆ 15 ವರ್ಷ. ಸೇನೆ, ದೇವರು, ಪದವಿ ಎಲ್ಲ ಆಗಲೇ ರಿಸರ್ವ್. ನಮ್ಮದು ಗಣರಾಜ್ಯ, ರಾಜರ ಆಳ್ವಿಕೆ ಅಲ್ಲ ಅಂತ ಹೇಳಿಕೊಳ್ಳುತ್ತಿದ್ದ ಊರಲ್ಲಿ ಇದು ನಡೀತಿದೆ ಅನ್ನೋದು ನೆನಪಿರಲಿ. ಕಂಪನಿ ಭಾಷೆಯಲ್ಲಿ ಹೇಳೋದಾದ್ರೆ ಸಕ್ಸೆಷನ್ ಪ್ಲಾನ್. ಅದನ್ನ ಜನರ ಜೇಬಿಗೇ ತಲುಪಿಸಿದ ಜಾಣತನಕ್ಕೆ ಮೆಚ್ಚಲೇಬೇಕು.

ಆದರೆ ಅಲ್ಲಿನ ಬರಹ ಹುಡುಗರನ್ನ 'ಅಗಸ್ಟಸನ ಮಕ್ಕಳು' ಅನ್ನುತ್ತೆ. ಹುಟ್ಟಿನಿಂದ ಅವರು ಮೊಮ್ಮಕ್ಕಳು. ಮಗಳು ಜೂಲಿಯಾ ಮತ್ತು ಅಗ್ರಿಪ್ಪನ ಮಕ್ಕಳನ್ನ ಕ್ರಿ.ಪೂ. 17ರಲ್ಲಿ ಅಗಸ್ಟಸ್ ದತ್ತು ತಗೊಂಡಿದ್ದ. ರೋಮನ್ನರು ಬರೆಯುತ್ತಿದ್ದದ್ದೇ ಅಪ್ಪನ ಹೆಸರು, ಇದರಲ್ಲೇನು ವಿಶೇಷ ಅಂತ ಕೇಳಬಹುದು. ಸರಿ. ಆದರೆ ಕ್ರಿ.ಪೂ. 13ರ ಇನ್ನೊಂದು ದಿನಾರಿಯಸ್‌ನಲ್ಲಿ ಇದೇ ಇಬ್ಬರು ಪುಟ್ಟ ಹುಡುಗರ ನಡುವೆ ಅಮ್ಮ ಜೂಲಿಯಾಳ ಮುಖ ಇತ್ತು! ಅಂದ್ರೆ ಅವಳಿಗೆ ಬೆಳ್ಳಿಯ ಮೇಲೆ ಜಾಗ ಇತ್ತು. ಕ್ರಿ.ಪೂ. 2ರಲ್ಲಿ, ಅಪ್ಪ ರಾಷ್ಟ್ರಪಿತನಾದ ವರ್ಷವೇ, ವ್ಯಭಿಚಾರದ ಆರೋಪದ ಮೇಲೆ ಅವಳನ್ನ ಪಾಂಡಟೇರಿಯಾ ಅನ್ನೋ ಪುಟ್ಟ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಅಟ್ಟಿದವನು ಅದೇ ಅಪ್ಪ.

ಇದು ಗೊತ್ತಾದ ಮೇಲೆ ಹಿಂಭಾಗದ ಚಿತ್ರ ಬೇರೆ ಥರಾನೇ ಕಾಣುತ್ತೆ. ಅಮ್ಮನ ಮುಖ ಇದ್ದ ನಡುವಿನ ಜಾಗದಲ್ಲಿ ಈಗ ಆಯುಧಗಳು. ಇಲ್ಲಿ ಯಾರೂ ಸುಳ್ಳು ಕೆತ್ತಿಲ್ಲ, ಒಬ್ಬಳನ್ನ ಬಿಟ್ಟು ಉಳಿದದ್ದನ್ನ ಕೆತ್ತಿದ್ದಾರೆ ಅಷ್ಟೇ. ಅಧಿಕಾರದಲ್ಲಿ ಇರೋರ ಚಿತ್ರ ನೋಡುವಾಗ ಚೌಕಟ್ಟಿನ ಹೊರಗೂ ಕಣ್ಣಾಡಿಸಬೇಕು ಅನ್ನೋದು ಇದಕ್ಕೇ.

ಪ್ಲಾನ್ ಕೈಕೊಟ್ಟಿತು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ ಕ್ರಿ.ಶ. 4ರಲ್ಲಿ ತೀರಿಹೋದರು. ಪಟ್ಟ ಟೈಬೀರಿಯಸ್‌ಗೆ ಹೋಯ್ತು. ನಾಣ್ಯ ಮಾತ್ರ ಸಮುದ್ರ ದಾಟಿ ನಮ್ಮ ಕಡೆಗೂ ಬಂತು. ಕೊಯಮತ್ತೂರು ಸೀಮೆಯ ನಿಧಿಗಳಲ್ಲಿ ಅದು ರಾಶಿರಾಶಿಯಾಗಿ ಸಿಕ್ಕಿದೆ, ಭಾರತದಲ್ಲಿ ಅದರ ನಕಲುಗಳೂ ತಯಾರಾಗಿವೆ. ಆಗಲಾರದ ವಾರಸುದಾರರು ಇಲ್ಲಿಯತನಕ ಬಂದರು. ಜೂಲಿಯಾ ಮಾತ್ರ ಕ್ರಿ.ಶ. 14ರಲ್ಲಿ ಸಾಯುವವರೆಗೂ ರೋಮ್‌ಗೆ ವಾಪಸ್ ಬರಲಿಲ್ಲ.