ಫಣಿಯಮ್ಮನ ಅಡಿಗೆಮನೆ

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯಲ್ಲಿ ಶೋಕವು ಮಾತಿಗಿಂತ ದುಡಿಮೆಯಲ್ಲಿಯೇ ವ್ಯಕ್ತವಾಗುತ್ತದೆ. ಬಾಲ್ಯದಲ್ಲಿಯೇ ವಿಧವೆಯಾದವಳು ಮಡಿಯುಟ್ಟು ಮಲೆನಾಡಿನ ತುಂಬಿದ ಮನೆಗಾಗಿ ದುಡಿಯುವಳು. ತಾನುಣ್ಣುವುದು ದಿನಕ್ಕೊಂದೇ ಹೊತ್ತು. ಈ ಕಾಯಕವನ್ನು ದುಃಖಶಮನದ ಸಾಧನವೆಂದು ಕೊಂಡಾಡುವುದು ಸುಲಭ. ಆದರೆ ಆ ಒಲೆಯೂ ಆ ಉಪವಾಸವೂ ಒಂದೇ ಕಟ್ಟಳೆಯ ಎರಡು ಮುಖಗಳೆಂಬುದನ್ನು ವಾಚಕರು ಮರೆಯಲಾಗದು. ಬಡಿಸುವ ಕೈಗೂ ಉಣ್ಣುವ ಪಂಕ್ತಿಗೂ ನಡುವೆ ಸಖ್ಯವಿಲ್ಲ. ಸಖ್ಯವು ಮೂಡುವುದು, ಸಮಾಜವು ಅಸ್ಪೃಶ್ಯಳೆಂದಿದ್ದ ಹೆಣ್ಣಿನ ಹೆರಿಗೆಗೆ ಅದೇ ಮಡಿಯ ಕೈ ನೀಡಿದಾಗ. ಕೇಶಮುಂಡನವನ್ನು ಧಿಕ್ಕರಿಸಿದ ದಾಕ್ಷಾಯಣಿಯ ಪರವಾಗಿ ಆಕೆ ನಿಂತಾಗ. ಅಡಿಗೆಮನೆಯು ಶೋಕವನ್ನು ಹೊರುವುದನ್ನು ಕಲಿಸಿತು. ಪರರ ನೋವಿನಲ್ಲಿ ಪಾಲುಗೊಂಡುದೇ ಆ ಹೊರೆಯನ್ನು ಕರುಣೆಯಾಗಿಸಿತು. ಈ ಭೇದವನ್ನು ಕಾಣಿಸಿದುದರಲ್ಲಿಯೇ ಕೃತಿಯ ಹಿರಿಮೆ ಅಡಗಿದೆಯೆಂದು ನಮ್ಮ ಅಭಿಪ್ರಾಯ.