ಹಲ್ಲಿನ ಡಾಕ್ಟರು ಕೇಳದ ಪ್ರಶ್ನೆ

ಪಂಚಗಂಗಾವಳಿ ಕಡಲು ಸೇರುವ ಕೋಡಿಯಲ್ಲಿ ಮಗುವಿಗೆ ಹಲ್ಲುನೋವು ಬಂದರೆ ದಾರಿ ಗೊತ್ತಿದೆ: ಕುಂದಾಪುರ ಪೇಟೆ, ಅಲ್ಲಿ ಆಗದಿದ್ದರೆ 1965ರಲ್ಲಿ ಶುರುವಾದ ಮಣಿಪಾಲದ ದಂತ ಕಾಲೇಜು. ಮಗು ಗೊರಕೆ ಹೊಡೆಯುತ್ತದೆಂದು ಬಸ್ಸು ಹತ್ತುವವರು ವಿರಳ. ಆಡಿ ದಣಿದಿದೆ, ಗಡದ್ದು ನಿದ್ದೆ ಮಾಡಲಿ ಎಂದು ಮನೆಯವರು ಸುಮ್ಮನಾಗುತ್ತಾರೆ.

ಅದು ಗಡದ್ದು ನಿದ್ದೆಯೇ ಆಗಿರಬೇಕೆಂದಿಲ್ಲ. ಊದಿದ ಟಾನ್ಸಿಲ್, ಮೂಗಿನ ಹಿಂದೆ ಬೆಳೆದ ಅಡಿನಾಯ್ಡ್ ಉಸಿರಿನ ದಾರಿ ಕಟ್ಟಿದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ. ಇದೇ ಸ್ಲೀಪ್ ಅಪ್ನಿಯಾ. ನೂರು ಮಕ್ಕಳಲ್ಲಿ 1ರಿಂದ 5 ಮಕ್ಕಳಿಗೆ ಇರುತ್ತದೆ. ದೊಡ್ಡವರು ಹಗಲು ತೂಕಡಿಸಿದರೆ ಮಕ್ಕಳು ಹೆಚ್ಚಾಗಿ ಚಡಪಡಿಸುತ್ತಾರೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ, ಹಾಸಿಗೆ ಒದ್ದೆಯಾಗುತ್ತದೆ.

ಬಾಯಿಗೆ ಬೆಳಕು ಹಿಡಿದು ನೋಡುವ ದಂತವೈದ್ಯರಿಗೆ ಕುರುಹುಗಳು ಎದುರಿಗೇ ಇರುತ್ತವೆ: ಕಿರಿದಾಗಿ ಮೇಲೇರಿದ ಅಂಗುಳ, ಮುಚ್ಚದ ತುಟಿ, ಹಿಂದೆ ಸರಿದ ಕೆಳದವಡೆ, ದಪ್ಪ ಟಾನ್ಸಿಲ್. ಈ ತಪಾಸಣೆ ದಂತವೈದ್ಯರ ಕೆಲಸವೂ ಹೌದೆಂದು ಅಮೆರಿಕದ ದಂತವೈದ್ಯ ಸಂಘ 2017ರಲ್ಲೇ ಹೇಳಿತು.

ನಮ್ಮಲ್ಲಿ ಅಂಗನವಾಡಿ, ಶಾಲೆಗಳಿಗೇ ವೈದ್ಯರನ್ನು ಕಳುಹಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ದೊಡ್ಡ ಕೆಲಸವದು. ಆದರೆ ಅದು ಗುರುತಿಸಿದ 30 ತೊಂದರೆಗಳಲ್ಲಿ ಹುಳುಕು ಹಲ್ಲು ಇದೆ, ಕಲಿಕೆಯ ತೊಡಕು ಇದೆ, ಅತಿ ಚಟುವಟಿಕೆ ಇದೆ; ಸ್ಲೀಪ್ ಅಪ್ನಿಯಾ ಇಲ್ಲ. ಒಂದೇ ಮಗುವಿನ ಹಲ್ಲಿಗೊಂದು ಚೀಟಿ, ಚಡಪಡಿಕೆಗೊಂದು ಚೀಟಿ ಬರೆದಾಗಲೂ ಅದರ ರಾತ್ರಿಯನ್ನು ಯಾರೂ ವಿಚಾರಿಸದೆ ಹೋಗಬಹುದು. ಇದು ಸಣ್ಣ ಲೋಪವಲ್ಲ. ರಾತ್ರಿ ಗೊರಕೆ ಇದೆಯೇ, ಉಸಿರು ನಿಂತಂತಾಗುತ್ತದೆಯೇ ಎಂದು ಅಮ್ಮನನ್ನು ಕೇಳಲು ಯಂತ್ರವೂ ಬೇಡ, ದುಡ್ಡೂ ಬೇಡ.

ಉತ್ಸಾಹಕ್ಕೂ ಒಂದು ಗಡಿ ಬೇಕು. ಅಂಗುಳ ಕಿರಿದಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇದೆ ಎನ್ನಲಾಗದು. ಅದನ್ನು ಖಚಿತಪಡಿಸುವುದು ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆ. ಮುಂದೆ ಅಪ್ನಿಯಾ ಬಾರದಿರಲೆಂದೇ ಅಂಗುಳ ಹಿಗ್ಗಿಸುವ ಸಾಧನ ಹಾಕಬಾರದೆಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ 2019ರಲ್ಲಿ ಎಚ್ಚರಿಸಿದೆ. ಟಾನ್ಸಿಲ್ ದಪ್ಪವಿರುವ ಮಗುವನ್ನು ಮೊದಲು ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಕಳುಹಿಸುವುದೇ ಸರಿ.

ಶಸ್ತ್ರಚಿಕಿತ್ಸೆಯಿಂದಲೂ ಎಲ್ಲ ಮುಗಿಯುವುದಿಲ್ಲ. 2013ರಲ್ಲಿ ಪ್ರಕಟವಾದ, 464 ಮಕ್ಕಳ ಅಮೆರಿಕದ ಅಧ್ಯಯನದಲ್ಲಿ ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡವರಲ್ಲಿ ಶೇ. 79ರಷ್ಟು ಮಕ್ಕಳ ನಿದ್ರಾ ಪರೀಕ್ಷೆ ಏಳು ತಿಂಗಳಲ್ಲಿ ಸಹಜಕ್ಕೆ ಬಂತು, ಉಳಿದವರದ್ದು ಬರಲಿಲ್ಲ. ಗಂಟಲಿನ ವೈದ್ಯರ ಚೀಟಿ ಮುಗಿದ ಮೇಲೂ ಆ ಮಕ್ಕಳು ಹಲ್ಲು ತೋರಿಸಲು ಬರುತ್ತಾರೆ. ಗೊರಕೆಯ ಪ್ರಶ್ನೆಯನ್ನು ಆಗ ಇನ್ನೊಮ್ಮೆ ಕೇಳಬೇಕು.